ಅಂಗಡಿಯ ಬೇಸು, ವೇದಿಕೆಯ ಬೇಸು

ಬೇಸ್ ಗಿಟಾರ್ ಕೊಳ್ಳಲು ಹೋದ ಹುಡುಗರು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ. ಆಂಪ್‌ನಲ್ಲಿ ಲೋ ಏರಿಸುತ್ತಾರೆ, ಹೈ ಏರಿಸುತ್ತಾರೆ, ಮಿಡ್ ಪೂರ್ತಿ ಇಳಿಸುತ್ತಾರೆ. ಆಮೇಲೆ ಹೆಬ್ಬೆರಳಲ್ಲಿ ತಂತಿಗೆ ನಾಲ್ಕು ಏಟು. ಆ ಸಣ್ಣ ಕೋಣೆಯಲ್ಲಿ ಅದು ನಿಜಕ್ಕೂ ಸೊಗಸಾಗಿ ಕೇಳುತ್ತದೆ. ಅದೇ ವಾದ್ಯ, ಅದೇ ಸೆಟ್ಟಿಂಗ್ ಹಿಡಿದುಕೊಂಡು ಶನಿವಾರ ಸಂಜೆ ವೇದಿಕೆ ಹತ್ತಿ. ಡ್ರಮ್ಸ್, ಎರಡು ಕೀಬೋರ್ಡ್, ಒಂದು ಲೀಡ್ ಗಿಟಾರ್ ಶುರುವಾದ ಕೂಡಲೇ ಬೇಸ್ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಗುಂಯ್‌ಗುಡುವ ಸದ್ದು ಉಳಿದಿರುತ್ತದೆ, ಸ್ವರ ಮಾತ್ರ ಇರುವುದಿಲ್ಲ.

ಬೇಸಿನ ಸಾಮಾನು ಆರಿಸುವಾಗ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ ಎಂದು ನಾನು ನಂಬಿದ್ದೇನೆ. ಉಳಿದವರೆಲ್ಲ ನುಡಿಸುತ್ತಿರುವಾಗ ಇದರ ಸ್ವರ ಕೊನೆಯ ಸಾಲಿನ ಕುರ್ಚಿಗೆ ಮುಟ್ಟುತ್ತದೆಯೇ? ಮುಟ್ಟುವುದಾದರೆ ವಾದ್ಯದ ಬೆಲೆ ಕಮ್ಮಿಯಿರಲಿ, ಬಣ್ಣ ಕಿತ್ತುಹೋಗಿರಲಿ, ನನ್ನ ಮತ ಅದಕ್ಕೇ.

ಕಾರಣ ನಮ್ಮ ಕಿವಿಯಲ್ಲೇ ಇದೆ. ನಾಲ್ಕು ತಂತಿಯ ಬೇಸಿನಲ್ಲಿ ದಪ್ಪನೆಯ ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸದ್ದಿಗೆ ನಮ್ಮ ಕಿವಿ ಮಂದ. ಆ ಸ್ವರವನ್ನು ನಾವು ಗುರುತು ಹಿಡಿಯುವುದು ಅದರ ಜೊತೆಗೇ ಏಳುವ 82, 124, 165 ಹರ್ಟ್ಸ್, ಹೀಗೆ ಮೇಲೇರುವ ಉಪಸ್ವರಗಳಿಂದ. ಮೊಬೈಲಿನ ಸ್ಪೀಕರಿಗೆ 41 ಹರ್ಟ್ಸ್ ಹೊರಡಿಸುವ ತಾಕತ್ತೇ ಇಲ್ಲ, ಆದರೂ ಹಾಡು ಹಾಕಿದರೆ ಬೇಸಿನ ನಡೆ ತಿಳಿಯುತ್ತದೆ. ಉಪಸ್ವರಗಳನ್ನು ಹಿಡಿದು ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮಿಡ್ ಇಳಿಸಿದವರು ಈ ಸಾಲಿನ ಮೇಲಿನ ಉಪಸ್ವರಗಳನ್ನೇ ಕತ್ತರಿಸಿ ಹಾಕಿರುತ್ತಾರೆ. ಉಳಿದ ತಳದ ಜಾಗದಲ್ಲಿ ಕಿಕ್ ಡ್ರಮ್ ಆಗಲೇ ಕೂತಿರುತ್ತದೆ, ಮೇಲಿನ ಜಾಗದಲ್ಲಿ ಸಿಂಬಲ್ಲು ಮತ್ತು ಗಿಟಾರು. ಬೇಸಿಗೆ ನಿಲ್ಲಲು ಜಾಗವೇ ಇಲ್ಲ.

ಹಾಗಾಗಿ ವೇದಿಕೆಗೆ ನನ್ನ ಮೊದಲ ಆಯ್ಕೆ ಹಳೆಯ ಮಾದರಿಯೇ, ಪ್ರಿಸಿಷನ್ ಬೇಸ್. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಇದನ್ನು ಮಾರುಕಟ್ಟೆಗೆ ತಂದಾಗ ಬೇಸ್ ಎಂದರೆ ಆಳೆತ್ತರದ ಡಬಲ್ ಬೇಸ್. ಅದನ್ನು ಊರೂರಿಗೆ ಹೊತ್ತುಕೊಂಡು ಹೋಗುವುದೂ ಕಷ್ಟ, ಡ್ರಮ್ಮು ತುತ್ತೂರಿಗಳ ನಡುವೆ ಕೇಳಿಸುವುದೂ ಕಷ್ಟ. ಫೆಂಡರ್ ಅದನ್ನು 34 ಇಂಚಿನ ತಂತಿಗೆ ಇಳಿಸಿ, ಕತ್ತಿಗೆ ಫ್ರೆಟ್ ಕೂರಿಸಿ, ಹೆಗಲಿಗೆ ನೇತುಹಾಕುವಂತೆ ಮಾಡಿದರು. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿ ಹಿಂದೆಮುಂದೆ ಕೂರಿಸಿದರು, ಎರಡು ತಂತಿಗೆ ಒಂದೊಂದು ತುಂಡು. ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೆ. ಅಂಗಡಿಯಲ್ಲಿ ಒಂಟಿಯಾಗಿ ಕೇಳಿದರೆ ಈ ಬೇಸಿನ ನಾದ ಸ್ವಲ್ಪ ಒರಟು, ಗಂಟಲು ಕಟ್ಟಿದ ಹಾಗೆ. ಬ್ಯಾಂಡಿನೊಳಗೆ ನಿಲ್ಲುವುದು ಆ ಒರಟುತನವೇ, ಅದೆಲ್ಲ ಮಿಡ್.

ನಂಬಿಕೆ ಬಾರದವರು ಜೇಮ್ಸ್ ಜೇಮರ್‌ಸನ್ ನುಡಿಸಿದ್ದನ್ನು ಕೇಳಬೇಕು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದವರು ಅವರು. ಸ್ಟುಡಿಯೋ ಎಂದರೆ ಒಂದು ಮನೆ, ಅದರೊಳಗೊಂದು ಇಕ್ಕಟ್ಟಾದ ಕೋಣೆ. ವಾದ್ಯ 1962ರ ಪ್ರಿಸಿಷನ್. ಅದಕ್ಕೆ ಲಾ ಬೆಲ್ಲಾದ ದಪ್ಪ ಫ್ಲ್ಯಾಟ್‌ವೂಂಡ್ ತಂತಿಗಳು, ಬ್ರಿಡ್ಜ್ ಮುಚ್ಚಳದ ಕೆಳಗೆ ಫೋಮಿನ ತುಂಡು. ತಂತಿ ಹರಿಯುವವರೆಗೂ ಬದಲಿಸುತ್ತಿರಲಿಲ್ಲ. ಬಲಗೈಯಲ್ಲಿ ಬರೀ ತೋರುಬೆರಳು. ಆಂಪನ್ನು ಮೈಕಿಗೆ ಹಿಡಿಯುವ ಬದಲು ವಾದ್ಯದ ಸದ್ದನ್ನು ನೇರ ಮಿಕ್ಸರಿಗೆ ಕಳಿಸುತ್ತಿದ್ದರು. ಇವತ್ತಿನ ಜಾಹೀರಾತಿನ ಕಣ್ಣಿಗೆ ಅದು ಹಳೇ ತಂತಿಯ ಮಂಕು ಬೇಸು. ಆದರೆ ಆ ಹಾಡುಗಳಲ್ಲಿ ಅವರ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ, ಎಡವುತ್ತಾ ಏಳುತ್ತಾ ಹೋಗುವ ಅವರ ಲಯದ ಸಮೇತ. ಬಹುಕಾಲ ರೆಕಾರ್ಡಿನ ಹೊದಿಕೆಯ ಮೇಲೆ ಈ ವಾದಕರ ಹೆಸರೇ ಇರಲಿಲ್ಲ. ಜೇಮರ್‌ಸನ್ 1983ರಲ್ಲಿ ತೀರಿಕೊಂಡರು. 2000ನೇ ಇಸವಿಯಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರನ್ನು ಸೇರಿಸಿಕೊಳ್ಳಲು ಶುರುಮಾಡಿದಾಗ ಮೊದಲ ತಂಡದಲ್ಲೇ ಅವರಿದ್ದರು.

ಫೆಂಡರ್ ಅವರದೇ ಇನ್ನೊಂದು ಮಾದರಿಯಾದ ಜಾಝ್ ಬೇಸಿನ ಅಭಿಮಾನಿಗಳು ಜಾಕೋ ಪಾಸ್ಟೋರಿಯಸ್ ಹೆಸರೆತ್ತುತ್ತಾರೆ. ಎತ್ತಲೇಬೇಕಾದ ಹೆಸರು. 1962ರ ಜಾಝ್ ಬೇಸಿನ ಫ್ರೆಟ್ಟುಗಳನ್ನು ಕಿತ್ತು, ದೋಣಿಗೆ ಬಳಿಯುವ ಎಪಾಕ್ಸಿಯನ್ನು ಕತ್ತಿಗೆ ಬಳಿದು ಅವರು ತೆಗೆದ ನಾದ ಇನ್ನೊಬ್ಬರಿಗೆ ದಕ್ಕಿಲ್ಲ. ಆದರೆ ಗಮನವಿಟ್ಟು ಕೇಳಿ: ಅವರು ನೆಚ್ಚಿದ್ದು ಬ್ರಿಡ್ಜ್ ಹತ್ತಿರದ ಪಿಕಪ್ಪನ್ನು. ಅದರಲ್ಲಿ ತಳ ಕಮ್ಮಿ, ಮಿಡ್ ಜಾಸ್ತಿ. ಬೇರೆ ವಾದ್ಯ, ಬೇರೆ ಸಂಗೀತ, ಆದರೂ ನನ್ನ ಮಾತಿಗೆ ಅವರೂ ಸಾಕ್ಷಿಯೇ.

ತಂತಿಗಳ ವಿಷಯದಲ್ಲಿ ನನ್ನದು ಸ್ವಲ್ಪ ಹಟ. 1960ರ ದಶಕದ ಮಧ್ಯದವರೆಗೆ ಬೇಸ್ ಗಿಟಾರಿಗೆ ಹೆಚ್ಚಾಗಿ ಬರುತ್ತಿದ್ದುದು ಚಪ್ಪಟೆ ಸುತ್ತಿನ ಫ್ಲ್ಯಾಟ್‌ವೂಂಡ್ ತಂತಿಗಳೇ. 1966ರಲ್ಲಿ ದಿ ಹೂ ಬ್ಯಾಂಡಿನ ಜಾನ್ ಎಂಟ್‌ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಜೊತೆ ಕೂತು ಪಿಯಾನೋ ತಂತಿಯಂತೆ ಝಣಗುಡುವ ರೌಂಡ್‌ವೂಂಡ್ ತಂತಿ ಮಾಡಿಸಿಕೊಂಡರು. ಮೂರೇ ವಾದ್ಯಗಳ ಅವರ ಬ್ಯಾಂಡಿಗೆ ಅದು ಬೇಕಿತ್ತು, ಗಿಟಾರಿನ ಅರ್ಧ ಕೆಲಸವನ್ನು ಬೇಸೇ ಮಾಡುತ್ತಿತ್ತು. ಎಂಟು ಹತ್ತು ಜನರ ಆರ್ಕೆಸ್ಟ್ರಾದಲ್ಲಿ ಆ ಝಣತ್ಕಾರ ಗಾಯಕಿಯ ದನಿಗೆ ಅಡ್ಡ ಬರುತ್ತದೆ. ಬೆರಳು ಜಾರುವ ಕೀಚು ಸದ್ದೂ ಮೈಕಿನಲ್ಲಿ ಎದ್ದು ಕೇಳುತ್ತದೆ. ಫ್ಲ್ಯಾಟ್‌ವೂಂಡ್ ದುಬಾರಿ, ನಿಜ. ಆದರೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಬೆವರಿನ ಕೈಗೆ, ಮಂಗಳೂರಿನ ಕಡಲ ಗಾಳಿಗೆ, ರೌಂಡ್‌ವೂಂಡ್‌ನ ಸಂದುಗಳಲ್ಲಿ ಕೊಳೆ ತುಂಬಿ ಅದು ಬೇಗ ಸತ್ತುಹೋಗುತ್ತದೆ.

ಕರಾವಳಿಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಮರ ತೇವ ಹೀರುತ್ತದೆ, ಗಿಟಾರಿನ ಕತ್ತು ಕೂದಲೆಳೆಯಷ್ಟು ಬಾಗುತ್ತದೆ. ಬೆಂಗಳೂರಿನಲ್ಲಿ ಸರಿಯಿದ್ದ ತಂತಿಯ ಎತ್ತರ ಉಡುಪಿಯಲ್ಲಿ ಸರಿಯಿರುವುದಿಲ್ಲ. ಕತ್ತಿನೊಳಗಿನ ಟ್ರಸ್ ರಾಡಿಗೆ ಹೊಂದುವ ಆಲನ್ ಕೀ ಬ್ಯಾಗಿನಲ್ಲಿ ಇರಲೇಬೇಕು. ತಿರುಗಿಸುವುದು ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ.

ಈಗ ಐದು ತಂತಿಯ ಪ್ರಶ್ನೆ. ರಾಕ್ ನುಡಿಸುವವರಿಗೆ ನಾಲ್ಕು ಸಾಕು ಎಂಬುದು ನನ್ನ ತೀರ್ಮಾನ. ಸುಗಮ ಸಂಗೀತ, ಸಿನಿಮಾ ಹಾಡು ನುಡಿಸುವವರಿಗೆ ಈ ಮಾತು ಹೇಳಲಾರೆ. ನಮ್ಮ ಗಾಯಕರು ಹಾಡನ್ನು ಮೂಲ ಶ್ರುತಿಯಲ್ಲಿ ಹಾಡುವುದು ಅಪರೂಪ. ವೇದಿಕೆ ಹತ್ತಿದ ಮೇಲೆ ‘ಸರ್, ಇವತ್ತು ಗಂಟಲು ಸರಿಯಿಲ್ಲ, ಕರಿ ಎರಡಕ್ಕೆ ಇಳಿಸಿ’ ಅನ್ನುತ್ತಾರೆ. ಕೀಬೋರ್ಡಿನವರು ಒಂದು ಗುಂಡಿ ಒತ್ತಿ ಇಳಿಸಿಬಿಡುತ್ತಾರೆ. ಬೇಸಿನವರ ಪಾಡು ಬೇರೆ. ಹಾರ್ಮೋನಿಯಂನ ಕರಿ ಎರಡು ಎಂದರೆ ಡಿ ಶಾರ್ಪ್. ನಾಲ್ಕು ತಂತಿಯ ಬೇಸಿನ ತಳದ ಸ್ವರ ಇ, ಅಂದರೆ ಕೆಳಗಿನ ಷಡ್ಜ ಅರ್ಧ ಸ್ವರದಷ್ಟು ಅಂತರದಲ್ಲಿ ಕೈತಪ್ಪುತ್ತದೆ. ಮೇಲಿನ ಷಡ್ಜಕ್ಕೆ ಹಾರಿದರೆ ಪಲ್ಲವಿ ಬಂದು ನಿಲ್ಲುವ ಜಾಗದಲ್ಲಿ ನೆಲವೇ ಸಿಗುವುದಿಲ್ಲ. ಕರಿ ಒಂದು, ಬಿಳಿ ಎರಡರಲ್ಲೂ ಇದೇ ಕಥೆ. ಐದನೆಯ ಬಿ ತಂತಿ, ಸುಮಾರು 31 ಹರ್ಟ್ಸ್‌ನದು, ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ತಂತಿಯ ಬಿಡಿ ಸ್ವರವನ್ನು ನಮ್ಮ ಸಭಾಂಗಣಗಳ ಎಷ್ಟೋ ಸ್ಪೀಕರುಗಳು ಹೊರಡಿಸಲಾರವು, ಆದರೆ ಅದರ ನಾಲ್ಕನೇ ಫ್ರೆಟ್ಟಿನ ಡಿ ಶಾರ್ಪ್ ಗಾಯಕರ ಕಾಲಡಿಗೆ ಬಂದು ನಿಲ್ಲುತ್ತದೆ.

ಇಳಯರಾಜ ಸಂಗೀತದ ಕನ್ನಡ ಚಿತ್ರಗಳಿವೆಯಲ್ಲ, 1980ರ ‘ಜನ್ಮ ಜನ್ಮದ ಅನುಬಂಧ’, 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’, ಅವನ್ನು ನುಡಿಸುವವರಿಗೆ ಇದರ ಬೆಲೆ ಗೊತ್ತು. ಆ ಹಾಡುಗಳಲ್ಲಿ ಬೇಸ್ ಬರೀ ಮೂಲಸ್ವರ ಹಿಡಿದು ನಿಲ್ಲುವುದಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡಾಗಿ ನಡೆಯುತ್ತದೆ. ಅದು ಸಭೆಗೆ ಕೇಳದಿದ್ದರೆ ಅರ್ಧ ರಚನೆ ಹೋದಂತೆಯೇ. ಜೊತೆಗೆ ತಬಲಾ ಇದ್ದಾಗ ಇನ್ನೊಂದು ಎಚ್ಚರ ಬೇಕು. ಎಡಗೈಯ ಡಗ್ಗ ಜಾರುವ ಜಾಗವೂ ಬೇಸಿನ ಜಾಗವೂ ಒಂದೇ. ಅಲ್ಲಿ ಬೇಸಿನವರು ಸ್ವರವನ್ನು ಗಿಡ್ಡ ಮಾಡಿ ಬಿಡಬೇಕು, ಎಳೆಯಬಾರದು.

ಆಂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ, 300 ವ್ಯಾಟ್‌ನ ವಾಲ್ವ್ ಆಂಪು, ರೋಲಿಂಗ್ ಸ್ಟೋನ್ಸ್ ಜೊತೆ ಆ ವರ್ಷದ ಅಮೆರಿಕ ಪ್ರವಾಸಕ್ಕೆ ಹೋಗಿತ್ತು. ಅದರ ನಾದಕ್ಕೆ ಸಮ ಇಲ್ಲ. ಹತ್ತು ಇಂಚಿನ ಎಂಟು ಸ್ಪೀಕರಿನ ಅದರ ಪೆಟ್ಟಿಗೆಯನ್ನು ಕಲ್ಯಾಣ ಮಂಟಪದ ಮೆಟ್ಟಿಲು ಹತ್ತಿಸಲು ಮಾತ್ರ ಇಬ್ಬರು ಗಟ್ಟಿ ಆಳು ಬೇಕು. ಇವತ್ತು ಎರಡು ಕಿಲೋಗೂ ಕಮ್ಮಿ ತೂಕದ 500 ವ್ಯಾಟ್ ಹೆಡ್ ಸಿಗುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದು. ಸ್ಪೀಕರನ್ನು ಮಾತ್ರ ನೆಲಕ್ಕಿಡಬೇಡಿ, ಕುರ್ಚಿಯ ಮೇಲಿಡಿ. ನೆಲದಲ್ಲಿದ್ದರೆ ಮಿಡ್ ಎಲ್ಲ ಮೊಣಕಾಲಿಗೆ ಹೋಗುತ್ತದೆ, ನಿಮ್ಮ ಸ್ವರ ನಿಮಗೇ ಕೇಳದೆ ವಾಲ್ಯೂಮ್ ಏರಿಸುತ್ತಲೇ ಇರುತ್ತೀರಿ.

ಇನ್ನು ಸಭಾಂಗಣ. ಆ ಕೆಳಗಿನ ಇ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಗ್ರಾನೈಟ್ ನೆಲ, ಬೋಳು ಗೋಡೆಯ ಹಾಲ್‌ನಲ್ಲಿ ಅದು ಬಡಿದು ವಾಪಸಾಗಿ ಒಂದು ಕಡೆ ಎದೆ ಗುದ್ದುತ್ತದೆ, ಮೂರು ನಾಲ್ಕು ಹೆಜ್ಜೆ ಆಚೆ ಮಾಯವಾಗುತ್ತದೆ. ಸೌಂಡ್ ಚೆಕ್ ಹೊತ್ತಿನಲ್ಲಿ ಉದ್ದದ ಕೇಬಲ್ ಹಾಕಿಕೊಂಡು, ನುಡಿಸುತ್ತಲೇ ಕುರ್ಚಿಗಳ ನಡುವೆ ಒಂದು ಸುತ್ತು ನಡೆದು ಬನ್ನಿ. ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ನನ್ನ ಪ್ರಕಾರ ಬೇಸಿನವರು ದುಡ್ಡು ಹಾಕಬೇಕಾದ ಮೊದಲ ವಸ್ತು ಆಂಪೂ ಅಲ್ಲ, ಪೆಡಲೂ ಅಲ್ಲ, ಒಂದು ಒಳ್ಳೆಯ ಡಿಐ ಬಾಕ್ಸ್. ಗಣೇಶನ ಪೆಂಡಾಲ್‌ನಲ್ಲಿ ‘ಅಣ್ಣಾ, ಬೇಸ್ ಲೈನ್ ಕೊಡಿ’ ಅಂತ ಸೌಂಡಿನ ಹುಡುಗ ಕೂಗಿದಾಗ ಅವನ ಕೈಯಲ್ಲಿ ಎಷ್ಟೋ ಸಲ ಇರುವುದು ಬರೀ ಉದ್ದ ಕೇಬಲ್ಲು. ಬೇಸಿನ ಪಿಕಪ್ ಹೊರಡಿಸುವುದು ದುರ್ಬಲ ಸಿಗ್ನಲ್. ಐದಾರು ಮೀಟರ್ ದಾಟಿದರೆ ಅದರ ಮೇಲಿನ ಸ್ವರಾಂಶ ಕೇಬಲ್ಲಿನಲ್ಲೇ ಸೋರಿಹೋಗುತ್ತದೆ, ದಾರಿಯಲ್ಲಿ ಸಿಕ್ಕ ಗದ್ದಲವನ್ನೂ ಕೂಡಿಸಿಕೊಂಡು ಬರುತ್ತದೆ. ಡಿಐ ಬಾಕ್ಸ್ ಅದನ್ನು ಬ್ಯಾಲೆನ್ಸ್ಡ್ ಸಿಗ್ನಲ್ ಮಾಡಿ ಕೊಟ್ಟರೆ ಸಭೆಯ ಹಿಂದಿರುವ ಮಿಕ್ಸರಿನವರೆಗೂ ಸ್ವಚ್ಛವಾಗಿ ತಲುಪುತ್ತದೆ.

ಪೆಂಡಾಲ್‌ನಲ್ಲಿ ಇನ್ನೊಂದು ಉಪದ್ರವ ಹಮ್. ನಮ್ಮ ಕರೆಂಟು 50 ಹರ್ಟ್ಸ್‌ನದು. ಬೇಸಿನ ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಜನರೇಟರು, ಲೈಟಿನ ಡಿಮ್ಮರು, ಸೀರಿಯಲ್ ಸೆಟ್ಟು ಸೇರಿ ಹಮ್ ಎದ್ದಿತೆಂದರೆ ಜಿ ಸ್ವರಕ್ಕೆ ಬಂದಾಗಲೆಲ್ಲ ಎರಡೂ ಒಂದಕ್ಕೊಂದು ತಾಗಿ ಸೆಕೆಂಡಿಗೊಂದು ಸಲ ಅಲೆ ಏಳುತ್ತದೆ, ವಾದ್ಯ ಶ್ರುತಿ ತಪ್ಪಿದಂತೆ ಕೇಳುತ್ತದೆ. ಪ್ರಿಸಿಷನ್ನಿನ ಎರಡು ತುಂಡಿನ ಪಿಕಪ್ ಇಲ್ಲಿ ಮತ್ತೆ ಕಾಪಾಡುತ್ತದೆ. ಒಂದು ತುಂಡು ಹಿಡಿದ ಹಮ್ಮನ್ನು ಇನ್ನೊಂದು ತಿರುಗುಮುರುಗಾಗಿ ಹಿಡಿದು ಅಳಿಸಿಬಿಡುತ್ತದೆ. ಜಾಝ್ ಬೇಸಿನಲ್ಲಿ ಎರಡೂ ಪಿಕಪ್ ಸಮನಾಗಿ ತೆರೆದಿದ್ದರೆ ಮಾತ್ರ ಈ ಲಾಭ, ಒಂದನ್ನು ಇಳಿಸಿದರೆ ಹಮ್ ವಾಪಸ್. ಇನ್ನೂ ಉಳಿದ ಹಮ್ ಹಲವು ಸಲ ಅರ್ಥ್ ಲೂಪಿನದು. ಅದಕ್ಕೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ.

ಆದರೆ ಹಮ್ ಹೋಗಲಿ ಎಂದು ಕೆಲವರು ಆಂಪಿನ ಪ್ಲಗ್ಗಿನ ಮೂರನೇ ಪಿನ್ನನ್ನೇ ಕಿತ್ತುಹಾಕುತ್ತಾರೆ. ಹಮ್ ಹೋಗುತ್ತದೆ, ಜೊತೆಗೆ ಅರ್ಥಿಂಗೂ ಹೋಗುತ್ತದೆ. ಬೇಸಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪಿನ ಮೈಗೇ ಸೇರಿರುತ್ತವೆ. ಆಂಪಿನೊಳಗೆ ಒಂದು ವೈರು ಸಡಿಲವಾದರೆ ಆ ತಂತಿಗಳಿಗೆ ನೇರ ಕರೆಂಟು, ಕೋರಸ್ ಹಾಡಲು ತುಟಿ ಮುಂದೆ ತಂದ ಮೈಕು ಇನ್ನೊಂದು ತುದಿ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತರು. ಮಳೆಯಲ್ಲಿ ನೆನೆದ ಪೆಂಡಾಲಿನಲ್ಲಿ, ಹಲಗೆ ಹಾಸಿದ ವೇದಿಕೆಯಲ್ಲಿ ನುಡಿಸುವ ನಮಗೆ ಈ ಅಪಾಯ ದೂರದ್ದಲ್ಲ. ಅರ್ಥಿಂಗ್ ಪರೀಕ್ಷಿಸುವ ಸಣ್ಣ ಸಾಕೆಟ್ ಟೆಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಮ್ಮಿ ದುಡ್ಡಿಗೆ ಸಿಗುತ್ತದೆ, ಗಿಟಾರ್ ಬ್ಯಾಗಿನ ಜೇಬಿನಲ್ಲಿ ಹಿಡಿಯುತ್ತದೆ. ಈ ಹಬ್ಬದ ಸೀಸನ್ನಿಗೆ ಮೊದಲು ಅದನ್ನು ಕೊಂಡುಕೊಳ್ಳಿ. ಅದು ಸರಿ ಎಂದು ತೋರಿಸುವವರೆಗೆ ಆಂಪಿನ ಸ್ವಿಚ್ ಹಾಕಬೇಡಿ, ಸಂಘಟಕರು ಎಷ್ಟೇ ಅವಸರ ಮಾಡಲಿ.