ಎಲ್ಲರೂ ತನ್ನವರಾದಾಗ ಮನೆಯವರ ಗತಿಯೇನು?

ಸಕ್ಕರೆ ಪಾಕದಲ್ಲಿ ಅದ್ದಿದ ಒಂದು ಸೇಬನ್ನು ಸಂಗಾತಿ ಕೊಡಿಸಿದ್ದಕ್ಕೆ ಅಮೆರಿಕದ ಯುವತಿಯೊಬ್ಬಳು ಅಳುತ್ತಾಳೆ. ನಾಲ್ಕು ಡಾಲರೂ ಆಗದ ಆ ಹಣವನ್ನು ಸೊಳ್ಳೆಪರದೆಗೆ ಕೊಟ್ಟಿದ್ದರೆ ಎಲ್ಲೋ ಒಂದು ಮಗುವನ್ನು ಮಲೇರಿಯಾದಿಂದ ಕಾಪಾಡಬಹುದಿತ್ತು ಎಂಬುದು ಅವಳ ಸಂಕಟ.

'ನ್ಯೂಯಾರ್ಕರ್' ಪತ್ರಿಕೆಯ ಲೇಖಕಿ ಲರಿಸಾ ಮ್ಯಾಕ್‌ಫಾರ್ಕರ್ ಅವರ 'ಸ್ಟ್ರೇಂಜರ್ಸ್ ಡ್ರೌನಿಂಗ್' (2015) ಇಂಥವರ ಕುರಿತ ಪುಸ್ತಕ. ಮುಖ ನೋಡದವರಿಗೆ ಕಿಡ್ನಿ ಕೊಟ್ಟವರು, 20 ಮಕ್ಕಳನ್ನು ದತ್ತು ಪಡೆದು ಸಾಕಿದ ದಂಪತಿ, ಸಾಯಹೊರಟವರ ಮಾತಿಗೆ ಕಿವಿಯಾಗುವ ಜಪಾನಿನ ಬೌದ್ಧ ಗುರು ಇಲ್ಲಿದ್ದಾರೆ. ಕಣ್ಣೆದುರು ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತುವುದು ಕರ್ತವ್ಯವಾದರೆ ದೂರದೇಶದಲ್ಲಿ ಹಸಿವಿನಿಂದ ಸಾಯುವ ಮಗುವನ್ನು ಉಳಿಸುವುದೂ ಅಷ್ಟೇ ಕರ್ತವ್ಯ ಎಂದು ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ವಾದಿಸಿದ್ದರು. ಅದನ್ನು ಅಕ್ಷರಶಃ ಬದುಕಿದರೆ ಏನಾಗುತ್ತದೆ ಎಂದು ಲೇಖಕಿ ಹುಡುಕುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಬಾ ಆಮ್ಟೆ ಕುಷ್ಠರೋಗಿಗಳಿಗಾಗಿ ಮಹಾರಾಷ್ಟ್ರದಲ್ಲಿ ಕಟ್ಟಿದ ಆನಂದವನದ ಅಧ್ಯಾಯ. ಬಾಬಾ ಜಮೀನುದಾರರ ಮನೆಯಲ್ಲಿ ಹುಟ್ಟಿದ ವಕೀಲರು. ಮಳೆಯಲ್ಲಿ ಬಿದ್ದಿದ್ದ, ಮೈಯೆಲ್ಲ ಹುಳುಬಿದ್ದ ಕುಷ್ಠರೋಗಿಯನ್ನು ಕಂಡು ಮೊದಲು ಓಡಿಹೋದರು. ಆ ಭಯವನ್ನು ತಾಳಲಾರದೆ ತಿರುಗಿ ಬಂದರು. ಮುಂದೆ ಸಂಶೋಧನೆಗಾಗಿ ಕುಷ್ಠದ ರೋಗಾಣುವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಇಷ್ಟನ್ನು ನಾವು ಭಕ್ತಿಯಿಂದ ಕೇಳುತ್ತ ಬಂದಿದ್ದೇವೆ. ಲೇಖಕಿ ಅಲ್ಲಿಗೆ ನಿಲ್ಲದೆ ಮಕ್ಕಳ ಕಡೆ ತಿರುಗುತ್ತಾರೆ. ಸಮಾಜ ಮುಟ್ಟಲು ಹೆದರಿದ ರೋಗಿಗಳ ನಡುವೆ ಬೆಳೆಯುವುದು ಆ ಮಕ್ಕಳ ಆಯ್ಕೆಯಾಗಿರಲಿಲ್ಲ. ಮಗ ಪ್ರಕಾಶ್ ಆಮ್ಟೆ ಡಾಕ್ಟರಾಗಿ, ಪತ್ನಿ ಮಂದಾಕಿನಿಯವರ ಜೊತೆ ಹೇಮಲಕಸಾದ ಕಾಡಿನಲ್ಲಿ ಮಾಡಿಯಾ ಗೊಂಡ ಆದಿವಾಸಿಗಳ ನಡುವೆ ನೆಲೆಸಿದರು. ಅಪ್ಪನ ವ್ರತ ಮನೆತನದ ವ್ರತವಾಯಿತು. ಇದನ್ನು ಹೊಗಳದೆ, ಹಳಿಯದೆ ಮುಂದಿಡುವುದು ದೊಡ್ಡ ಪತ್ರಕರ್ತೆಯ ಕೆಲಸ.

ನಡುನಡುವೆ ಬರುವ ವೈಚಾರಿಕ ಅಧ್ಯಾಯಗಳು ಅಷ್ಟು ಬಿಗಿಯಾಗಿಲ್ಲ. ಆದರೂ ಅತಿ ತ್ಯಾಗವನ್ನು ಕಂಡರೆ ಅದನ್ನು ರೋಗವೆಂದು ಶಂಕಿಸುವ ಚಾಳಿ ಎಲ್ಲಿಂದ ಬಂತೆಂದು ಅವು ಚೆನ್ನಾಗಿ ತೋರಿಸುತ್ತವೆ. ಯುದ್ಧ ಬಂದಾಗ ಮನೆಮಠ ಬಿಟ್ಟು ಹೋಗುವುದನ್ನು ನಾವು ಸಹಜವೆನ್ನುತ್ತೇವೆ. ಈ ತ್ಯಾಗಿಗಳಿಗೆ ಪ್ರತಿದಿನವೂ ಯುದ್ಧಕಾಲ ಎಂಬ ಲೇಖಕಿಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ.

ನನ್ನ ತಕರಾರು ಬೇರೆ. ಕೊಡುವವರ ಅಂತರಂಗಕ್ಕೆ ಇಷ್ಟು ಆಳ ಇಳಿಯುವ ಪುಸ್ತಕ ಪಡೆಯುವವರನ್ನು ದೂರದಿಂದ ನೋಡುತ್ತದೆ. ಆನಂದವನದ ಬಾವಿ ತೋಡಿದ್ದು, ಗೋಡೆ ಎಬ್ಬಿಸಿದ್ದು, ತರಕಾರಿ ಬೆಳೆದದ್ದು ಬೆರಳು ಕಳೆದುಕೊಂಡ ಕೈಗಳು. ಆ ತರಕಾರಿಯನ್ನು ಕೊಳ್ಳಲು ಸುತ್ತಲಿನವರು ಮೊದಮೊದಲು ಹಿಂಜರಿದರು. ಆ ಅವಮಾನವನ್ನು ನುಂಗಿ ಮತ್ತೆ ಬಿತ್ತಿದವರೂ ಬಾಬಾರಷ್ಟೇ ಹಟವಾದಿಗಳು. ಅವರಿಗೂ ಒಂದು ಅಧ್ಯಾಯ ಸಲ್ಲಬೇಕಿತ್ತು.