ಕಲ್ಪಿತೇತಿಹಾಸವೂ ಔಚಿತ್ಯವೂ: ಎರಡು ಆಂಗ್ಲ ಕಾದಂಬರಿಗಳ ವಿಮರ್ಶೆ

ಕ್ರಿ. ಶ. ೧೫೮೮ನೆಯ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್ತಳು ಕೊಲೆಗಡುಕನ ಗುಂಡಿಗೆ ಗುರಿಯಾದಳೆಂಬ ಮಾತಿನಿಂದ ಕೀತ್ ರಾಬರ್ಟ್ಸನ ‘ಪವಾನ್’ (೧೯೬೮) ಆರಂಭವಾಗುತ್ತದೆ. ವಾಸ್ತವದಲ್ಲಿ ಆಕೆಯು ೧೬೦೩ರವರೆಗೂ ಆಳಿದಳೆಂಬುದೂ, ೧೫೮೮ರಲ್ಲಿ ಚದರಿಹೋದುದು ಸ್ಪೇನಿನ ನೌಕಾಸೈನ್ಯವೇ ಎಂಬುದೂ ಸರ್ವವಿದಿತ. ರಾಬರ್ಟ್ಸನ ಕಥೆಯಲ್ಲಾದರೋ ಸ್ಪೇನು ಗೆಲ್ಲುತ್ತದೆ. ಪ್ರಾಟೆಸ್ಟಂಟ್ ಮತವು ಅಳಿಯುತ್ತದೆ. ಇಪ್ಪತ್ತನೆಯ ಶತಮಾನದ ಇಂಗ್ಲೆಂಡು ರೋಮಿನ ಧರ್ಮಪೀಠದ ಅಂಕೆಯಲ್ಲಿ ಉಳಿದಿರುತ್ತದೆ. ಕಿಂಗ್ಸ್‌ಲೀ ಏಮಿಸನ ‘ದಿ ಆಲ್ಟರೇಷನ್’ (೧೯೭೬) ಇನ್ನೂ ಹಿಂದಕ್ಕೆ ಸರಿಯುತ್ತದೆ. ೧೫೦೨ರಲ್ಲಿ ನಿಸ್ಸಂತಾನನಾಗಿ ಮಡಿದ ರಾಜಕುಮಾರ ಆರ್ಥರನಿಗೆ ಆರಗಾನಿನ ಕ್ಯಾಥರೀನಳಲ್ಲಿ ಗಂಡುಮಗನಾದನೆಂದೂ, ತಮ್ಮನಾದ ಹೆನ್ರಿಗೆ ಸಿಂಹಾಸನವು ದಕ್ಕಲಿಲ್ಲವೆಂದೂ, ಮಾರ್ಟಿನ್ ಲೂಥರನು ದಂಗೆಯೇಳುವುದರ ಬದಲು ತಾನೇ ಪೋಪನಾದನೆಂದೂ ಅಲ್ಲಿಯ ಕಲ್ಪನೆ.

ಬಂದ ಕಥೆಯನ್ನು ಮಾರ್ಪಡಿಸುವುದು ಕನ್ನಡ ವಾಚಕರಿಗೆ ಹೊಸತೇನೂ ಅಲ್ಲ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದನು. ಕಾಳಿದಾಸನು ದುರ್ವಾಸನ ಶಾಪವನ್ನು ತಂದಿಟ್ಟು ದುಷ್ಯಂತನ ಮಾನವನ್ನು ಕಾಪಾಡಿದನು. ಆದರೆ ಅಲ್ಲಿ ಬದಲಾದುದು ಪುರಾಣ, ಇಲ್ಲಿ ಬದಲಾಗುವುದು ದಾಖಲೆಯುಳ್ಳ ಚರಿತ್ರೆ. ಒಂದು ಎಳೆಯನ್ನು ಕಿತ್ತರೆ ಬಟ್ಟೆಯೆಲ್ಲವನ್ನೂ ಪುನಃ ನೇಯಬೇಕಾಗುವುದು. ಆ ನೇಯ್ಗೆಯು ಎಷ್ಟು ಬಿಗಿಯಾಗಿದೆಯೆಂಬುದೇ ಇಂಥ ಕೃತಿಗಳ ಔಚಿತ್ಯಪರೀಕ್ಷೆ.

ನೇಯ್ಗೆಯ ಸೊಗಸಿನಲ್ಲಿ ‘ಪವಾನ್’ ಮೇಲಾದುದು. ಅಲ್ಲಿ ವಿದ್ಯುಚ್ಛಕ್ತಿಗೆ ಅನುಮತಿಯಿಲ್ಲ. ಸರಕು ಸಾಗಿಸಲು ಹೆದ್ದಾರಿಗಳಲ್ಲಿ ಉಗಿಯಂತ್ರಗಳು ಏದುತ್ತ ಬರುತ್ತವೆ. ಬೆಟ್ಟದಿಂದ ಬೆಟ್ಟಕ್ಕೆ ಕೈಮರದ ಗೋಪುರಗಳು ತೋಳುಗಳನ್ನಾಡಿಸಿ ಸುದ್ದಿಯನ್ನು ದಾಟಿಸುತ್ತವೆ. ಹಿಮದ ನಡುವೆ ಒಂಟಿ ಗೋಪುರದಲ್ಲಿ ಸಾಯುವ ಎಳೆಯ ಸಂಜ್ಞೆಗಾರನ ಕಥೆಯು ಇಡೀ ಗ್ರಂಥದಲ್ಲಿಯೇ ಶ್ರೇಷ್ಠವಾದುದು. ಕಲ್ಲಚ್ಚಿನ ಕೆಲಸದಲ್ಲಿ ನಿಪುಣನಾದ ಸಂನ್ಯಾಸಿಯೊಬ್ಬನಿಗೆ ಮತವಿಚಾರಣೆಯ ಹಿಂಸೆಗಳನ್ನು ಚಿತ್ರಿಸುವ ಆಜ್ಞೆಯಾಗುತ್ತದೆ. ಕಂಡುದನ್ನು ಕೈ ಬರೆಯುತ್ತದೆ, ಮನಸ್ಸು ತಾಳಲಾರದೆ ಒಡೆಯುತ್ತದೆ. ಸಂಪ್ರದಾಯದ ಬಿಗಿತವನ್ನು ವಾದದಿಂದಲ್ಲದೆ ಕಸುಬುಗಳ ಮೂಲಕ ತೋರಿಸಿರುವುದು ರಾಬರ್ಟ್ಸನ ಹೆಚ್ಚುಗಾರಿಕೆ.

ಆದರೆ ಮೂಲಕಲ್ಪನೆಯ ಬಗೆಗೆ ಒಂದು ಆಕ್ಷೇಪಣೆಯು ಅನಿವಾರ್ಯ. ಕ್ಯಾಥೊಲಿಕ್ ಮತವು ನಿಂತ ಕಡೆ ವಿಜ್ಞಾನವೂ ನಿಲ್ಲುವುದೆಂದು ಇಬ್ಬರೂ ಲೇಖಕರು ಒಪ್ಪಿಕೊಂಡೇ ಹೊರಡುತ್ತಾರೆ. ೧೬೩೩ರಲ್ಲಿ ಗೆಲಿಲಿಯೋವಿಗೆ ಆದ ದಂಡನೆಯು ಇದಕ್ಕೆ ಆಧಾರವಾಗಿ ತೋರಬಹುದು. ಆದರೆ ೧೮೦೦ರಲ್ಲಿ ವಿದ್ಯುತ್ಕೋಶವನ್ನು ರಚಿಸಿದ ವೋಲ್ಟನು ಕ್ಯಾಥೊಲಿಕ್ ಇಟಲಿಯವನು. ವಿದ್ಯುತ್ಪ್ರವಾಹದ ಮಾನಕ್ಕೆ ಹೆಸರಾದ ಆಂಪೇರನು ಶ್ರದ್ಧಾವಂತ ಕ್ಯಾಥೊಲಿಕನು. ಅನುವಂಶೀಯತೆಯ ನಿಯಮಗಳನ್ನು ೧೮೬೬ರಲ್ಲಿ ಪ್ರಕಟಿಸಿದ ಮೆಂಡೆಲನು ಮಠದಲ್ಲಿಯೇ ಬಟಾಣಿ ಬೆಳೆದವನು. ರಾಬರ್ಟ್ಸನಿಗೆ ಅಷ್ಟು ಪ್ರಿಯವಾದ ಕೈಮರದ ತಂತಿಯನ್ನು ಫ್ರಾನ್ಸಿನಲ್ಲಿ ನಿರ್ಮಿಸಿದ ಕ್ಲೋಡ್ ಶಾಪನೂ ಚರ್ಚಿನ ವೃತ್ತಿಗಾಗಿ ಬೆಳೆದವನೇ. ವಿದ್ಯುತ್ತಿನ ನಿಷೇಧವು, ಆದುದರಿಂದ, ಚರಿತ್ರೆಯಿಂದ ಫಲಿಸಿದುದಲ್ಲ; ಕವಿಯು ತನ್ನ ಸೌಕರ್ಯಕ್ಕಾಗಿ ತಂದುದು. ಇಂಗ್ಲೆಂಡಿನ ಪ್ರಾಟೆಸ್ಟಂಟ್ ಶಾಲೆಗಳಲ್ಲಿ ಬಹುಕಾಲ ಕಲಿಸಿದ ಚರಿತ್ರೆಯ ಪೂರ್ವಗ್ರಹವು ಇಲ್ಲಿ ಕಾದಂಬರಿಯ ವೇಷದಲ್ಲಿ ಮರಳಿದೆಯೆಂದರೆ ತಪ್ಪಾಗಲಾರದು.

ಏಮಿಸನೂ ಈ ದೋಷದಿಂದ ಪೂರ್ತಿ ಮುಕ್ತನಲ್ಲ. ಅವನ ಲೋಕದಲ್ಲಿಯೂ ವಿದ್ಯುತ್ತು ನಿಷಿದ್ಧ. ಕಿಡಿಯ ಹಂಗಿಲ್ಲದೆ ಒತ್ತಡದಿಂದಲೇ ಇಂಧನವನ್ನು ಹೊತ್ತಿಸುವ ಡೀಸೆಲ್ ಯಂತ್ರಗಳಿಗೆ ಮಾತ್ರ ಅವಕಾಶ. ಈ ವಿವರವು ಜಾಣತನದ್ದು. ಆದರೆ ಅವನ ದೃಷ್ಟಿಯು ಯಂತ್ರಗಳ ಮೇಲೆ ನಿಲ್ಲದೆ ಒಬ್ಬ ಬಾಲಕನ ದೇಹದ ಮೇಲೆ ನೆಡುತ್ತದೆ. ಹತ್ತು ವರ್ಷದ ಹ್ಯೂಬರ್ಟ್ ಆನ್ವಿಲನ ದಿವ್ಯಕಂಠವು ಒಡೆಯದಂತೆ ಉಳಿಯಬೇಕಾದರೆ ವೃಷಣಚ್ಛೇದವಾಗಬೇಕೆಂದು ಧರ್ಮಾಧಿಕಾರಿಗಳು ನಿಶ್ಚಯಿಸುತ್ತಾರೆ. ತಂದೆಯು ಭಕ್ತಿಯಿಂದ ಸಮ್ಮತಿಸುತ್ತಾನೆ. ಒಪ್ಪಿಗೆಯ ರುಜು ಹಾಕಲೊಲ್ಲದ ಮನೆಯ ಪುರೋಹಿತನು ಪ್ರಾಣವನ್ನೇ ತೆರುತ್ತಾನೆ. ತಾಯಿಯ ಮಾತಿಗೆ ಬೆಲೆಯೇ ಇಲ್ಲ. ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವಂತಿಲ್ಲ. ರೋಮಿನ ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ ಹಾಡಿದ ಇಂಥ ಗಾಯಕ ಅಲೆಸ್ಸಾಂಡ್ರೊ ಮೊರೆಸ್ಕಿಯ ಕಂಠವು ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಧ್ವನಿಮುದ್ರಿತವಾಗಿದೆ. ಅವನು ತೀರಿಕೊಂಡುದು ೧೯೨೨ರಲ್ಲಿ. ಏಮಿಸನು ಹೊಸ ಕ್ರೌರ್ಯವನ್ನು ಕಲ್ಪಿಸಲಿಲ್ಲ. ಇದ್ದುದನ್ನು ಸ್ವಲ್ಪ ಮುಂದಕ್ಕೆ ಎಳೆದನು, ಅಷ್ಟೆ. ವಿದ್ಯುತ್ತಿನ ವಿಷಯದಲ್ಲಿ ಕಾಣದಿದ್ದ ಔಚಿತ್ಯವು ಇಲ್ಲಿ ಗಟ್ಟಿಯಾಗಿ ನಿಲ್ಲುವುದು.

ಇನ್ನೊಂದು ಗುಣವನ್ನೂ ಹೇಳಬೇಕು. ಬಾಲಕನು ಆಶ್ರಯವನ್ನು ಬಯಸುವ ನ್ಯೂ ಇಂಗ್ಲೆಂಡು ಪ್ರಾಟೆಸ್ಟಂಟ್ ಗಣರಾಜ್ಯ. ಅಲ್ಲಿ ವಿದ್ಯುತ್ತಿದೆ, ವಿಚಾರಸ್ವಾತಂತ್ರ್ಯವೂ ಕೊಂಚ ಇದೆ. ಆದರೆ ಅಲ್ಲಿಯ ಮೂಲನಿವಾಸಿಗಳನ್ನು ಬುದ್ಧಿಹೀನರೆಂದು ಬಗೆದು ಬೇರ್ಪಡಿಸಿ ಇಟ್ಟಿದ್ದಾರೆ. ದಯಾಳುವಾದ ರಾಯಭಾರಿಯೇ ಆ ವ್ಯವಸ್ಥೆಯನ್ನು ನಿಸ್ಸಂಕೋಚವಾಗಿ ಸಮರ್ಥಿಸುತ್ತಾನೆ. ದಬ್ಬಾಳಿಕೆಯು ಒಂದೇ ಮತದ ಸ್ವತ್ತಲ್ಲವೆಂಬ ಈ ಅರಿವು ‘ಪವಾನ್’ ಗ್ರಂಥದಲ್ಲಿ ಇಷ್ಟು ತೀಕ್ಷ್ಣವಾಗಿಲ್ಲ.

‘ಪವಾನ್’ ಎಡವುವುದು ಉಪಸಂಹಾರದಲ್ಲಿ. ಕಾರ್ಫ್ ದುರ್ಗದ ಒಡತಿ ಎಲೀನರಳು, ತನ್ನ ಜನ ಹಸಿಯಬಾರದೆಂದು ರೋಮಿಗೆ ಧಾನ್ಯವನ್ನೊಪ್ಪಿಸದೆ ಬಂಡೆದ್ದವಳು, ವಾಚಕನ ಮನಸ್ಸನ್ನು ಗೆದ್ದ ಮೇಲೆ, ಧರ್ಮಪೀಠವು ಬೇಕೆಂದೇ ಪ್ರಗತಿಯನ್ನು ತಡೆದಿತ್ತೆಂದೂ, ವಿವೇಕವು ಬಲಿಯುವ ಮುನ್ನ ವಿನಾಶದ ಶಕ್ತಿಯು ಮನುಷ್ಯನ ಕೈಗೆ ಬರದಿರಲೆಂಬುದೇ ಅದರ ಉದ್ದೇಶವೆಂದೂ ಗ್ರಂಥಕಾರನು ತಿಳಿಸುತ್ತಾನೆ. ಎರಡು ಮಹಾಯುದ್ಧಗಳ ಹತ್ಯಾಕಾಂಡವನ್ನು ನೆನೆದವರಿಗೆ ಈ ವಾದದ ಸೆಳೆತವು ಅರ್ಥವಾಗದಿರದು. ಆದರೂ ಸಂನ್ಯಾಸಿಯ ಕಲ್ಲಚ್ಚಿನ ಚಿತ್ರಗಳನ್ನು ಕಂಡವರು ಇದನ್ನು ಒಪ್ಪುವುದು ಹೇಗೆ? ಸುಟ್ಟ ಮೈಗಳ ಲೆಕ್ಕವನ್ನು ಆಗದೆಹೋದ ಯುದ್ಧಗಳ ಲೆಕ್ಕದಲ್ಲಿ ವಜಾಮಾಡುವುದು ತಾನೇ ಬರೆದ ಅಧ್ಯಾಯಗಳಿಗೆ ಗ್ರಂಥಕಾರನು ಮಾಡಿದ ಅನ್ಯಾಯ.

ಏಮಿಸನು ಇಂಥ ಸಮಾಧಾನವನ್ನು ಹೇಳುವುದಿಲ್ಲ. ಹ್ಯೂಬರ್ಟನು ತಪ್ಪಿಸಿಕೊಂಡು ಆಕಾಶನೌಕೆಯನ್ನು ಏರಿದ ಮೇಲೆ ವೃಷಣಗಳು ತಾವಾಗಿ ತಿರುಚಿಕೊಂಡು, ಪ್ರಾಣವುಳಿಸಲು ವೈದ್ಯನು ಅದೇ ಶಸ್ತ್ರಕ್ರಿಯೆಯನ್ನು ಮಾಡಬೇಕಾಗುತ್ತದೆ. ಘಟನೆಯು ಕಾಕತಾಳೀಯವೆಂಬ ದೂರು ನ್ಯಾಯವಾದುದೇ. ಕಥೆಯ ಕಾರ್ಯಕಾರಣ ಸರಣಿಯು ಇಲ್ಲಿ ಸಡಿಲವಾಗಿದೆ. ಆದರೆ ಆ ಲೋಕದ ಭಕ್ತರು ಇದನ್ನು ದೈವೇಚ್ಛೆಯೆಂದೇ ಓದುವರು. ಅನಾಮತ್ತಾಗಿ ಬಂದ ವ್ಯಾಧಿಯೂ ಅಧಿಕಾರದ ಪಕ್ಷಕ್ಕೆ ಸಾಕ್ಷಿ ನುಡಿಯುವುದು. ಬಾಲಕನು ದೊಡ್ಡವನಾಗಿ ಕೀರ್ತಿವಂತನಾದ ಗಾಯಕನಾಗುತ್ತಾನೆ. ಆಂಗ್ಲಭಾಷೆಯಲ್ಲಿ ಗ್ರಂಥದ ಹೆಸರು ‘ಮಾರ್ಪಾಟು’ ಎಂಬುದನ್ನೂ ಈ ಛೇದನವನ್ನೂ ಒಂದೇ ಪದದಲ್ಲಿ ಸೂಚಿಸುತ್ತದೆ.