ಶಿಬಿರಕ್ಕೆ ಸಿಕ್ಕ ಹೆಸರು, ಕೂಟಕ್ಕೆ ಸಿಗದ ಜಾಗ

ಮದ್ಯವರ್ಜನ ಶಿಬಿರಗಳ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ಒಂದೋ ಆರತಿ ಇರುತ್ತದೆ, ಇಲ್ಲವೇ ಅಣಕ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸುವ ಈ ಶಿಬಿರಗಳ ಕ್ರಮಸಂಖ್ಯೆ ಸಾವಿರ ದಾಟಿ ಎಷ್ಟೋ ಕಾಲವಾಯಿತು. ಅವುಗಳನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಕಲ್ಯಾಣ ಮಂಟಪದಲ್ಲಿ ಎಂಟು ದಿನದ ವಾಸ, ಯೋಗ, ಭಜನೆ, ಆಪ್ತಸಲಹೆ, ಸಮಾರೋಪ, ಮರುದಿನದ ಪತ್ರಿಕೆಯಲ್ಲಿ ಸಾಲಾಗಿ ನಿಂತವರ ಫೋಟೊ. ಆ ಎಂಟು ದಿನಕ್ಕೆ ಸಿಕ್ಕಿರುವ ಹೆಸರು ಅತಿಯಾಯಿತು ಎಂಬುದು ನನ್ನ ತಕರಾರು. ಶಿಬಿರದ ನಂತರ ಕೂಡಬೇಕಾದ ನವಜೀವನ ಸಮಿತಿ, ಅಂದರೆ ಕುಡಿತ ಬಿಟ್ಟವರೇ ಎದುರುಬದುರು ಕೂತು ಮಾತಾಡುವ ಕೂಟ, ಯಾರ ಲೆಕ್ಕಕ್ಕೂ ಬಂದಿಲ್ಲ. ಅದು ಯಾವ ಊರಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಸೇರುತ್ತದೆ ಎಂದು ಒಂದು ವರದಿಯಲ್ಲೂ ಓದಿದ ನೆನಪು ನನಗಿಲ್ಲ.

ನಮ್ಮ ಗಂಗಾವತಿ, ಕುಷ್ಟಗಿ ಭಾಗದಲ್ಲಿ ಕುಡಿತ ಬಿಡಿಸುವುದೆಂದರೆ ಆಣೆ ಮಾಡಿಸುವುದು. ಹುಲಿಗೆಮ್ಮನ ಗುಡಿಗೆ ಕರೆದೊಯ್ಯುತ್ತಾರೆ, ಮಗುವಿನ ತಲೆ ಮುಟ್ಟಿಸುತ್ತಾರೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಈ ಆಣೆಯನ್ನೇ ಎತ್ತರಕ್ಕೆ ಒಯ್ದರು. ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ಕಾಣಿಕೆಯ ಬದಲು ಜನರ ಚಟ ಬೇಡಿದರು. ಸ್ವಾಮಿಗಳೇ ಬೇಡುವವರಾದಾಗ ಕುಡುಕ ಕೊಡುವವನಾಗುತ್ತಾನೆ, ಅವನ ಮಾನ ಉಳಿಯುತ್ತದೆ. ಕುಷ್ಟಗಿಯ ಮಗ್ಗುಲಲ್ಲೇ ಬೆಳೆದ ಈ ಪದ್ಧತಿ ದೊಡ್ಡದು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದ ವ್ಯಸನಮುಕ್ತ ದಿನವಾಗಿದ್ದು ನ್ಯಾಯವೇ. ಆದರೆ ಜೋಳಿಗೆ ಮುಂದಿನ ಊರಿಗೆ ಹೋಗಲೇಬೇಕು. ಚಟ ಕೊಟ್ಟವನು ಅದೇ ಓಣಿಯಲ್ಲಿ, ಅದೇ ಗೆಳೆಯರ ನಡುವೆ ಉಳಿಯುತ್ತಾನೆ.

ಆಣೆಯ ಬಲ ಆಣೆಯಲ್ಲಿದೆಯೇ? ಗಂಗಾವತಿ ಸೀಮೆಯವರು ಇದಕ್ಕೆ ಉತ್ತರವನ್ನು ವರ್ಷವರ್ಷ ನೋಡುತ್ತಾರೆ. ಅಂಜನಾದ್ರಿಗೆ ಹನುಮ ಮಾಲೆ ಹಾಕಿದವರು, ಶಬರಿಮಲೆಗೆ ಹೊರಟವರು, ಮಾಲೆ ಕೊರಳಲ್ಲಿರುವಷ್ಟು ದಿನ ಬಾಟಲಿ ಮುಟ್ಟುವುದಿಲ್ಲ. ತೆಗೆದ ಮೇಲೆ ಮತ್ತೆ ಶುರು ಮಾಡುವವರೂ ಇದ್ದಾರೆ. ಭಕ್ತಿ ಸಡಿಲಾಯಿತು ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ನಾನು ಒಪ್ಪುವುದಿಲ್ಲ. ಮಾಲೆ ಹಾಕಿದವನು ಸಂಜೆ ಒಂಟಿಯಾಗಿರುವುದಿಲ್ಲ: ಕೂಡಿ ಅಡುಗೆ, ಕೂಡಿ ಪೂಜೆ, ಒಂದೇ ಕಡೆ ಮಲಗುವುದು. ಕುಡಿಯುವ ಹೊತ್ತಿನಲ್ಲಿ ಅವನ ಸುತ್ತ ಕುಡಿಯದವರಿರುತ್ತಾರೆ. ಮಾಲೆ ತೆಗೆದಾಗ ಆ ಗುಂಪು ಚದುರುತ್ತದೆ. ಅವನು ಕಳೆದುಕೊಳ್ಳುವುದು ಅದನ್ನು.

ಅಮೆರಿಕದ ಆಕ್ರನ್ ಪಟ್ಟಣದಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನಿಗೆ ಹೊಳೆದದ್ದೂ ಇದೇ. ಬಂದ ಕೆಲಸ ಕೈಗೂಡಲಿಲ್ಲ, ಹೋಟೆಲಿನ ಬಾರ್ ಕರೆಯುತ್ತಿತ್ತು. ಆತ ಹುಡುಕಿದ್ದು ಮಾತಾಡಲು ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಡಾ. ಬಾಬ್ ಸ್ಮಿತ್. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿದ್ದು ಹಾಗೆ. 1957ರಲ್ಲಿ ಅದು ಭಾರತಕ್ಕೂ ಬಂತು. ಅಲ್ಲಿ ಶುಲ್ಕವಿಲ್ಲ, ಮನೆತನದ ಹೆಸರು ಕೇಳುವುದಿಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಜನ್ಮಪೂರ್ತಿಯ ಆಣೆಯೂ ಇಲ್ಲ, ಇವತ್ತೊಂದು ದಿನ ಕುಡಿಯದಿದ್ದರೆ ಆಯಿತು. ನಿನ್ನೆ ಕುಡಿದವನೂ ಇವತ್ತು ಬಂದು ಕೂತು ಅದನ್ನು ಹೇಳಬಹುದು.

ಈ ಕೊನೆಯ ಮಾತನ್ನು ನಮ್ಮ ಶತದಿನೋತ್ಸವದ ಪಕ್ಕ ಇಟ್ಟು ನೋಡಬೇಕು. ನೂರು ದಿನ ಕುಡಿಯದೆ ಉಳಿದವರನ್ನು ಹೆಂಡತಿ ಮಕ್ಕಳ ಎದುರು ಗೌರವಿಸುವುದು ಒಳ್ಳೆಯದೇ. ಆ ಮನೆಯವರ ಕಣ್ಣೀರು ಸುಳ್ಳಲ್ಲ. ಅರವತ್ತನೇ ದಿನ, ಬಟವಡೆಯಾದ ಸಂಜೆ, ಒಂದು ಕ್ವಾರ್ಟರ್ ಕುಡಿದವನ ಗತಿ ಏನು? ಅವನ ಫೋಟೊ ಊರೆಲ್ಲ ನೋಡಿದೆ. ಉತ್ಸವ ದೊಡ್ಡದಾದಷ್ಟೂ ಅವನ ನಾಚಿಕೆ ದೊಡ್ಡದು. ಕೂಟ ಅವನಿಗೆ ಅತಿ ಅಗತ್ಯವಾದ ವಾರದಲ್ಲೇ ಅವನು ಕೂಟದಿಂದ ತಲೆಮರೆಸಿಕೊಳ್ಳುತ್ತಾನೆ.

ಇದನ್ನು ಹೇಳಿದರೆ ಇಬ್ಬರು ವಿಮರ್ಶಕರು ನನ್ನನ್ನು ತಮ್ಮವನೆಂದುಕೊಳ್ಳುತ್ತಾರೆ. ಭಜನೆಯಿಂದ ಕುಡಿತ ಬಿಡುತ್ತದೆಯೇ ಎಂದು ಕೇಳುವ ವಿಚಾರವಾದಿ ಮೊದಲನೆಯವರು. ಅವರ ಒಂದು ಮಾತು ನಿಜ: ಬಹುಕಾಲ ವಿಪರೀತ ಕುಡಿದವನು ತಟ್ಟನೆ ನಿಲ್ಲಿಸಿದರೆ ಮೊದಲೆರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹಿಡಿದು ಜೀವವೇ ಹೋಗಬಹುದು, ಅಂಥವನಿಗೆ ಆಸ್ಪತ್ರೆ ಮೊದಲು. ಆದರೆ ಮಾತ್ರೆ ಕೈನಡುಕ ನಿಲ್ಲಿಸುತ್ತದೆ, ಸಂಜೆಗೆ ಜೊತೆ ಕೊಡುವುದಿಲ್ಲ. ಭಜನೆಯನ್ನು ಜರಿಯುವವರು ಅದರ ಬದಲಿಗೆ ಒಂದು ಊರಲ್ಲಾದರೂ ವಾರದ ಕೂಟ ಕಟ್ಟಲಿ, ಮೊದಲು ಹೋಗಿ ಕೂರುವವನು ನಾನು.

ಅಂಗಡಿ ಮುಚ್ಚಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರು ಎರಡನೆಯವರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಹೆಣ್ಣುಮಕ್ಕಳ ಸಿಟ್ಟಿಗೆ ನಾನು ತಲೆಬಾಗುತ್ತೇನೆ. ಆದರೆ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ಹೊರಳಿದರು. ಅಂಗಡಿ ಮುಚ್ಚುವ ಹೋರಾಟ ನಡೆಯಲಿ, ಅಲ್ಲಿಯವರೆಗೂ ಬಿಡಬೇಕೆನ್ನುವವನಿಗೆ ಕೂರಲು ಒಂದು ಜಾಗ ಬೇಕು.

ಆ ಜಾಗ ಮರಳಿಯಂಥ ಹೋಬಳಿ ಊರಲ್ಲೇ, ನಡೆದು ಹೋಗುವಷ್ಟು ಹತ್ತಿರ ಇರಬೇಕು. ಗದ್ದೆಯಿಂದ ಸಂಜೆ ಮನೆಗೆ ಬಂದವನು ಕೂಟಕ್ಕೆಂದು ಬಸ್ ಹಿಡಿದು ಗಂಗಾವತಿಗೆ ಹೋಗುವುದಿಲ್ಲ. ಹೋಗುವ ಮನಸ್ಸಿದ್ದರೂ ಆ ಬಸ್ಸು ಇಳಿಯುವಲ್ಲಿ ಬಾರ್ ಕೂಡ ಇರುತ್ತದೆ. ಶಾಲೆಯ ಒಂದು ಕೋಣೆ, ಬಟವಡೆ ದಿನದ ಸಂಜೆ ಏಳು ಗಂಟೆ, ಬಿಟ್ಟು ವರ್ಷವಾದ ಇಬ್ಬರು, ಇಷ್ಟಾದರೆ ಕೂಟ ಶುರುವಾಗುತ್ತದೆ.

ಮುಂದಿನ ಶಿಬಿರಕ್ಕೆ ಪೆಂಡಾಲ್ ಹಾಕುವ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಸಮಾರೋಪಕ್ಕೆ ಅತಿಥಿಗಳನ್ನು ಗೊತ್ತು ಮಾಡುವ ಮೊದಲು ಕೂಟದ ಕೋಣೆ, ವಾರ, ಹೊತ್ತು ಗೊತ್ತು ಮಾಡಿ. ಮತ್ತೆ ಕುಡಿದವರೂ ಬರಬಹುದು ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿ. ಅದರ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯೂ ಇರಲಿ: 14416. ಅಲ್ಲಿಗೆ ಕರೆ ಉಚಿತ, ರಾತ್ರಿಯೂ ಎತ್ತಿಕೊಳ್ಳುತ್ತಾರೆ.